ಆಸ್ಥಾನ ತುಂಬಾ ಜನ, ಕೆಲಸಕ್ಕೆ ಯಾರೂ ಇಲ್ಲ

ಪ್ರಶ್ನೆ: ಮಧ್ಯಯುಗದ ದೊರೆಯಾಗಿ ರಾಜ್ಯ ನಡೆಸುವ ಕಂಪ್ಯೂಟರ್ ಆಟ ಕ್ರುಸೇಡರ್ ಕಿಂಗ್ಸ್ 3 ಆಡಲು ಶುರು ಮಾಡಿ ಎರಡು ತಿಂಗಳಾಯಿತು. 1066ರ ಆರಂಭ, ಐರ್ಲೆಂಡಿನ ಮನ್‌ಸ್ಟರ್ ಆರಿಸಿಕೊಂಡಿದ್ದೆ. ಈಗ ಇಡೀ ಐರ್ಲೆಂಡಿನ ಕಿರೀಟ ಸಿಕ್ಕಿದೆ. ಆಸ್ಥಾನದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಇದ್ದಾರೆ. ಇವರಿಂದ ಏನು ಮಾಡಿಸಬೇಕು ಅಂತ ತಿಳಿಯುತ್ತಿಲ್ಲ. ಕೌನ್ಸಿಲ್‌ಗೆ (ಮಂತ್ರಿಮಂಡಲಕ್ಕೆ) ಬುದ್ಧಿವಂತರನ್ನು ಹಾಕಿದರೆ ವಾಸಲ್‌ಗಳು (ನನ್ನ ಅಧೀನದ ಸಾಮಂತರು) ಮುನಿಸಿಕೊಳ್ಳುತ್ತಾರೆ. ಆಸ್ಥಾನದ ಹುದ್ದೆಗಳನ್ನೆಲ್ಲ ತುಂಬಿದೆ, ಖಜಾನೆ ಖಾಲಿಯಾಗುತ್ತಿದೆ. ಆಸ್ಥಾನಿಕರನ್ನು ಸರಿಯಾಗಿ ಬಳಸುವುದು ಹೇಗೆ?

ಉತ್ತರ: ಗಾಬರಿಯಾಗಬೇಡಿ, ಎಲ್ಲರ ಆಸ್ಥಾನವೂ ಹೀಗೇ ಇರುತ್ತದೆ. ಯಾರದೋ ಚಿಕ್ಕಪ್ಪ, ಯಾರದೋ ವಿಧವೆ, ಎಲ್ಲಿಂದಲೋ ಬಂದು ಇಲ್ಲೇ ಉಳಿದ ಒಬ್ಬ ಕುಡುಕ, ಸತ್ತುಹೋದ ತಮ್ಮನ ನಾಲ್ಕು ಮಕ್ಕಳು. ಈ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾ 'ಇವನನ್ನು ಎಲ್ಲಿ ಹಾಕಲಿ, ಇವಳನ್ನು ಎಲ್ಲಿ ಹಾಕಲಿ' ಎಂದು ಕೂತರೆ ಹೊತ್ತು ಹೋಗುತ್ತದೆ, ಕೆಲಸ ಆಗುವುದಿಲ್ಲ. ನಾನೂ ಮೊದಮೊದಲು ಬಹಳ ಕಾಲ ಅದನ್ನೇ ಮಾಡಿದ್ದೆ.

ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡಿ. ನನಗೆ ಈಗ ಯಾವ ಕೆಲಸಕ್ಕೆ ಆಳು ಬೇಕು? ಆ ಆಳು ಭೂಪಟದಲ್ಲಿ ಎಲ್ಲಿದ್ದಾನೆ? ಅವನನ್ನು ಇಲ್ಲಿಗೆ ಕರೆಸುವುದು ಹೇಗೆ? ನಿಮಗೆ ಬೇಕಾದವರು ಬಹುಪಾಲು ನಿಮ್ಮ ಆಸ್ಥಾನದಲ್ಲಿ ಇಲ್ಲ, ಬೇರೆಯವರ ಆಸ್ಥಾನದಲ್ಲಿ ಇದ್ದಾರೆ. ಅವರನ್ನು ಕರೆಸಲು ಕೈಯಲ್ಲಿರುವ ಬಂಡವಾಳ ಎಂದರೆ ನೀವು ಕೆಲಸಕ್ಕೆ ಬಾರದವರು ಅಂದುಕೊಂಡಿರುವ ಈ ಮೂವತ್ತು ಜನ.

ಹೇಗೆ ಅಂದರೆ, ಮದುವೆ. ಈ ಆಟದಲ್ಲಿ ಸಾಮಾನ್ಯ ಮದುವೆಯಾದರೆ ಹೆಂಡತಿ ಗಂಡನ ಆಸ್ಥಾನಕ್ಕೆ ಬರುತ್ತಾಳೆ. ಮ್ಯಾಟ್ರಿಲೀನಿಯಲ್ ಮದುವೆಯಾದರೆ ಗಂಡ ಹೆಂಡತಿಯ ಆಸ್ಥಾನಕ್ಕೆ ಬರುತ್ತಾನೆ, ಮಕ್ಕಳು ತಾಯಿಯ ವಂಶಕ್ಕೆ ಸೇರುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಮನೆ ಅಳಿಯ. ನಿಮ್ಮಲ್ಲಿ ಇಪ್ಪತ್ತೆರಡು ವರ್ಷದ, ಮದುವೆಯಾಗದ ಒಬ್ಬ ಹೆಣ್ಣುಮಗಳು ಇದ್ದಾಳೆ ಎನ್ನಿ. ಎಲ್ಲ ಸ್ಕಿಲ್‌ಗಳೂ (ಸಾಮರ್ಥ್ಯದ ಅಂಕಗಳು) ನಾಲ್ಕೋ ಐದೋ. ಅವಳ ಹೆಸರಿನ ಮೇಲೆ ಒತ್ತಿ ಮದುವೆಯ ಕಿಟಕಿ ತೆರೆಯಿರಿ. ಮ್ಯಾಟ್ರಿಲೀನಿಯಲ್ ಎಂಬುದನ್ನು ಆರಿಸಿ. ವರರ ಪಟ್ಟಿಯನ್ನು ಪ್ರೊವೆಸ್ (ಕಾದಾಡುವ ಬಲ) ಪ್ರಕಾರ ಜೋಡಿಸಿ. ಮೇಲೆ ಬರುವವರಲ್ಲಿ ಜಮೀನು ಇರುವವರು, ವಾರಸುದಾರರು ಒಪ್ಪುವುದಿಲ್ಲ. ಇನ್ನೂ ಸ್ವಲ್ಪ ಕೆಳಗೆ ಹೋಗಿ. ಯಾವುದೋ ದೂರದ ಡ್ಯೂಕ್‌ನ ಆಸ್ಥಾನದಲ್ಲಿ ಹೆಸರಿಲ್ಲದೆ ಕೂತಿರುವ, ಪ್ರೊವೆಸ್ ಇಪ್ಪತ್ತು ದಾಟಿದ ಒಬ್ಬ ಗಟ್ಟಿಗ ಸಿಗುತ್ತಾನೆ. ಅವನ ಒಡೆಯನಿಗೆ ಅವನ ಬೆಲೆ ಗೊತ್ತಿರುವುದಿಲ್ಲ, ಸುಮ್ನೆ ಒಪ್ಪಿಬಿಡುತ್ತಾನೆ. ಸ್ವಲ್ಪ ದಿನದಲ್ಲಿ ಅಳಿಯ ಬಂದು ನಿಮ್ಮ ನೈಟ್‌ಗಳ (ಸೈನ್ಯದಲ್ಲಿ ಕಾದಾಡುವ ವೀರರ) ಪಟ್ಟಿಯಲ್ಲಿ ಇರುತ್ತಾನೆ.

ಇದರಲ್ಲಿ ನಿಮಗೆ ಒಂದು ಕಾಸೂ ಖರ್ಚಿಲ್ಲ. ಹತ್ತಿರದ ಸಂಬಂಧಿಗಳ ಮದುವೆಯಿಂದ ಮಾತ್ರ ಮಿತ್ರತ್ವ ಹುಟ್ಟುತ್ತದೆ. ಆಸ್ಥಾನಿಕರ ಮದುವೆಯಿಂದ ಯಾವ ಮಿತ್ರತ್ವವೂ ಬರುವುದಿಲ್ಲ, ಹಾಗಾಗಿ ಅವರ ಮದುವೆಯನ್ನು ಬೇರೆ ಯಾವುದಕ್ಕೋ ಉಳಿಸಿಕೊಳ್ಳಬೇಕು ಎಂಬ ಚಿಂತೆಯೂ ಇಲ್ಲ. ಸ್ವಂತ ಹೆಣ್ಣುಮಕ್ಕಳನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಒಬ್ಬ ನೈಟ್‌ಗಾಗಿ ಮಗಳನ್ನು ಕೊಡುವುದು ದುಬಾರಿ ವ್ಯಾಪಾರ. ಅವಳಿಂದ ಒಬ್ಬ ರಾಜನ ಸೈನ್ಯವೇ ನಿಮ್ಮ ಸಹಾಯಕ್ಕೆ ಬರಬಹುದು.

ಗಂಡಸರ ಕಡೆಯೂ ಹೀಗೇ. ಮದುವೆಯಾಗದ ಸಾಧಾರಣ ಯುವಕನಿಗೆ ಹೆಣ್ಣು ಹುಡುಕುವಾಗ ಇಂಟ್ರೀಗ್ (ಸಂಚಿನ ಜಾಣ್ಮೆ) ಸ್ಕಿಲ್ ಜಾಸ್ತಿ ಇರುವವಳನ್ನು ಹುಡುಕಿ. ಇದಕ್ಕೆ ಕಾರಣವಿದೆ. ಗಂಡಸರ ಪ್ರಾಬಲ್ಯ ಇರುವ ಧರ್ಮಗಳಲ್ಲಿ ಹೆಂಗಸರಿಗೆ ಕೌನ್ಸಿಲ್‌ನ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಆದರೆ ಗೂಢಚಾರರ ಮುಖ್ಯಸ್ಥರಾದ ಸ್ಪೈಮಾಸ್ಟರ್ ಹುದ್ದೆಗೆ ಆ ತಡೆ ಇಲ್ಲ. ಉಳಿದ ರಾಜರು ಅದನ್ನು ಗಮನಿಸದೆ ಚಾಣಾಕ್ಷ ಹೆಂಗಸರನ್ನು ಮೂಲೆಯಲ್ಲಿ ಕೂರಿಸಿರುತ್ತಾರೆ. ನನ್ನ ಅತ್ಯುತ್ತಮ ಸ್ಪೈಮಾಸ್ಟರ್‌ಗಳಲ್ಲಿ ಹೆಚ್ಚಿನವರು ಹೀಗೆ ಸೊಸೆಯಾಗಿ ಬಂದವರೇ.

ಮದುವೆ ಬಿಟ್ಟರೆ ಇನ್ನೂ ಮೂರು ದಾರಿ ಇವೆ. ಆಸ್ಥಾನಕ್ಕೆ ಅತಿಥಿಗಳು ಬಂದು ಹೋಗುತ್ತಿರುತ್ತಾರೆ. ಅವರು ನಿಮ್ಮವರಲ್ಲ, ಕೆಲವು ಕಾಲ ಇದ್ದು ಹೊರಟುಬಿಡುತ್ತಾರೆ. ಒಳ್ಳೆಯವರು ಕಂಡರೆ ಆಗಲೇ ಆಸ್ಥಾನಕ್ಕೆ ಸೇರಿಸಿಕೊಳ್ಳಿ, ನಾಳೆ ನೋಡೋಣ ಎಂದರೆ ನಾಳೆ ಅವರು ಇರುವುದಿಲ್ಲ. ಎರಡನೆಯದು, ನಿರ್ಧಾರಗಳ ಪಟ್ಟಿಯಲ್ಲಿ ಪ್ರೆಸ್ಟೀಜ್ (ಪ್ರತಿಷ್ಠೆಯ ಅಂಕ) ಖರ್ಚು ಮಾಡಿ ನೈಟ್‌ಗಳನ್ನು ಕರೆಸುವ ಆಯ್ಕೆ. ಪ್ರೆಸ್ಟೀಜ್ ಸುಮ್ಮನೆ ಕೊಳೆಯುತ್ತಿದ್ದರೆ ಇದು ಒಳ್ಳೆಯದು. ಮೂರನೆಯದನ್ನು ಜನ ಮರೆಯುತ್ತಾರೆ: ಯುದ್ಧದಲ್ಲಿ ಸಿಕ್ಕ ಕೈದಿಗಳು. ಎಲ್ಲರಿಂದಲೂ ಹಣ ಪಡೆದು ಬಿಡುವ ಆತುರ ಬೇಡ. ಬಿಡುಗಡೆಯ ಮಾತುಕತೆಯಲ್ಲಿ ಆಸ್ಥಾನಕ್ಕೆ ಸೇರು ಎಂಬ ಷರತ್ತು ಸಿಕ್ಕರೆ, ನಿನ್ನೆ ನಿಮ್ಮ ಜನರನ್ನು ಕಡಿದ ವೀರ ಇವತ್ತು ನಿಮ್ಮ ಪರ ಕಡಿಯುತ್ತಾನೆ.

ನೈಟ್‌ಗಳ ಬಗ್ಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಎಂದರೆ, ಹೊಸಬರು ಕಡೆಗಣಿಸುವ ದೊಡ್ಡ ಶಕ್ತಿ ಅದು. ಲೆಕ್ಕ ನೋಡಿ. ಒಬ್ಬ ಮಾಮೂಲಿ ಲೆವಿ (ಯುದ್ಧಕ್ಕೆಂದು ಊರವರಿಂದ ಕೂಡಿಸಿದ) ಸೈನಿಕನ ಹೊಡೆತ 10. ನೈಟ್‌ನ ಪ್ರೊವೆಸ್‌ನ ಪ್ರತಿ ಅಂಕಕ್ಕೆ ಹೊಡೆತ 100. ಪ್ರೊವೆಸ್ 20 ಇರುವ ಒಬ್ಬ ನೈಟ್ ಎಂದರೆ 2000. ಹೊಡೆತದ ಮಟ್ಟಿಗೆ ಅವನೊಬ್ಬನೇ ಇನ್ನೂರು ಲೆವಿಗೆ ಸಮ. ಪ್ರೊವೆಸ್ 6 ಇರುವ ನಿಮ್ಮ ಮುದಿ ಚಿಕ್ಕಪ್ಪನೂ ಅದೇ ಪಟ್ಟಿಯಲ್ಲಿ ಒಂದು ಜಾಗ ತಿನ್ನುತ್ತಿದ್ದಾನೆ, ಅವನಿಂದ ಬರುವುದು 600 ಮಾತ್ರ. ನೈಟ್‌ಗಳ ಸಂಖ್ಯೆಗೆ ಮಿತಿ ಇದೆ, ಹಾಗಾಗಿ ಪ್ರತಿ ಜಾಗವೂ ಬೆಲೆಬಾಳುತ್ತದೆ. ಅಂಥ ಐದಾರು ಜಾಗಗಳಲ್ಲಿ ಆಳು ಬದಲಿಸಿದರೆ, ಒಂದು ಕೋಟೆಯನ್ನೂ ಕಟ್ಟದೆ ನಿಮ್ಮ ಸೈನ್ಯ ಬೇರೆಯದೇ ಆಗಿಬಿಡುತ್ತದೆ. ಮೇಲೆ ಹೇಳಿದ ಮನೆ ಅಳಿಯಂದಿರ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ನೈಟ್‌ಗಳು ಸಾಯುತ್ತಾರೆ, ಗಾಯಗೊಳ್ಳುತ್ತಾರೆ, ಸೆರೆಸಿಕ್ಕುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಗಂಡುಮಕ್ಕಳೂ ಇರಬಹುದು. ನನ್ನ ಒಂದು ಆಟದಲ್ಲಿ ಹದಿನೆಂಟು ವರ್ಷ ಜೋಪಾನವಾಗಿ ಬೆಳೆಸಿದ ಜೀನಿಯಸ್ ವಾರಸುದಾರ, ಯಾರೋ ಒಬ್ಬ ಕೌಂಟ್‌ನ ಮೇಲಿನ ಚಿಲ್ಲರೆ ಯುದ್ಧದಲ್ಲಿ ಸತ್ತ. ನಾನು ನೈಟ್‌ಗಳ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ. ಕಿರೀಟ ಹೋಗಿದ್ದು ಅವನ ತಮ್ಮನಿಗೆ, ಅವನ ಒಂದೇ ಗುಣ ಎಂದರೆ ಹೊಟ್ಟೆಬಾಕತನ. ಅಂದಿನಿಂದ ಯುದ್ಧ ಸಾರುವ ಮುಂಚೆ ವಾರಸುದಾರನ ಹೆಸರಿನ ಎದುರು ನೈಟ್ ಆಗುವುದನ್ನು ನಿಷೇಧಿಸುತ್ತೇನೆ. ಕೌನ್ಸಿಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವವರನ್ನೂ ಹೀಗೇ ತಡೆಯಬಹುದು. ಹಣಕಾಸು ನೋಡಿಕೊಳ್ಳುವ ಒಳ್ಳೆಯ ಸ್ಟೀವರ್ಡ್ ಕತ್ತಿ ಹಿಡಿದು ಸಾಯುವುದರಲ್ಲಿ ಯಾರಿಗೆ ಏನು ಲಾಭ?

ಸೇನಾನಾಯಕರ ಲೆಕ್ಕ ಬೇರೆ. ಅಲ್ಲಿ ಪ್ರೊವೆಸ್‌ಗಿಂತ ಮಾರ್ಷಿಯಲ್ (ಸೈನ್ಯ ನಡೆಸುವ ಸ್ಕಿಲ್) ಮುಖ್ಯ, ಅದರ ಜೊತೆಗೆ ನಾಯಕನ ವಿಶೇಷ ಗುಣಗಳು. ಕೋಟೆ ಮುತ್ತಿಗೆಗಳೇ ಜಾಸ್ತಿ ಇರುವ ಯುದ್ಧಕ್ಕೆ ಮಿಲಿಟರಿ ಎಂಜಿನಿಯರ್ ಗುಣದವನು ಸಿಕ್ಕರೆ ಮುತ್ತಿಗೆ ಬೇಗ ಮುಗಿಯುತ್ತದೆ. ಆಹಾರ ಸಿಗದ ದೂರದ ದಾರಿಗೆ ಲಾಜಿಸ್ಟಿಷಿಯನ್. ಕದನ ನಡೆಯುವಾಗ ಒಬ್ಬ, ಮುತ್ತಿಗೆ ಹಾಕುವಾಗ ಇನ್ನೊಬ್ಬ ಎಂದು ನಾಯಕರನ್ನು ಬದಲಿಸುವುದೂ ನಡೆಯುತ್ತದೆ.

ಈಗ ನಿಮ್ಮ ಕೌನ್ಸಿಲ್ ತಲೆನೋವಿಗೆ ಬರೋಣ. ಬಲಿಷ್ಠ ವಾಸಲ್‌ಗಳು ಕೌನ್ಸಿಲ್‌ನಲ್ಲಿ ಜಾಗ ಬೇಕು ಎನ್ನುತ್ತಾರೆ, ಕೊಡದಿದ್ದರೆ ನಿಮ್ಮ ಮೇಲಿನ ಅವರ ಅಭಿಪ್ರಾಯ ದೊಡ್ಡ ಮಟ್ಟದಲ್ಲಿ ಕುಸಿಯುತ್ತದೆ. ಎಲ್ಲ ಜಾಗವನ್ನೂ ಅವರಿಗೆ ಕೊಟ್ಟರೆ ಆಡಳಿತ ಹಾಳು. ಎಲ್ಲವನ್ನೂ ಆಸ್ಥಾನಿಕರಿಗೆ ಕೊಟ್ಟರೆ ದಂಗೆ. ನಾನು ಜಾಗಗಳನ್ನು ಎರಡು ಪಾಲು ಮಾಡುತ್ತೇನೆ. ಸ್ಟೀವರ್ಡ್ ಮತ್ತು ಸ್ಪೈಮಾಸ್ಟರ್ ಹುದ್ದೆಗೆ ಸಾಮರ್ಥ್ಯವೇ ಅಳತೆ, ಅಲ್ಲಿ ಹಿಂಜರಿಕೆ ಬೇಡ. ಸ್ಟೀವರ್ಡ್ ತೆರಿಗೆ ತರುತ್ತಾನೆ, ಇಲ್ಲವೇ ಒಂದು ಕೌಂಟಿಯ (ಸಣ್ಣ ಸೀಮೆಯ) ಅಭಿವೃದ್ಧಿ ಹೆಚ್ಚಿಸುತ್ತಾನೆ. ಅಲ್ಲಿನ ಒಂದೊಂದು ಅಂಕವೂ ವರ್ಷಗಟ್ಟಲೆ ಕೂಡುತ್ತಾ ಹೋಗುತ್ತದೆ. ಚಾನ್ಸಲರ್ (ರಾಜತಂತ್ರ) ಮತ್ತು ಮಾರ್ಷಲ್ (ಸೈನ್ಯ) ಹುದ್ದೆಗಳನ್ನು ವಾಸಲ್‌ಗಳ ಸಮಾಧಾನಕ್ಕೆ ಕೊಡುತ್ತೇನೆ. ಅವರ ಸ್ಕಿಲ್ ಎಂಟು ಒಂಬತ್ತು ಇದ್ದರೂ ನಡೆಯುತ್ತದೆ.

ಇದಕ್ಕೆ ಒಂದು ವಿನಾಯಿತಿ ಉಂಟು. ಹೊಸದಾಗಿ ಗೆದ್ದ ಕೌಂಟಿಗಳಲ್ಲಿ ಹತೋಟಿ ಕಡಿಮೆ ಇರುತ್ತದೆ, ಅದನ್ನು ಮೇಲೆತ್ತುವುದು ಮಾರ್ಷಲ್‌ನ ಕೆಲಸ. ನೀವು ಐರ್ಲೆಂಡ್ ಈಗಷ್ಟೇ ಗೆದ್ದಿದ್ದೀರಿ, ಅಂದರೆ ಕೆಲವು ವರ್ಷ ನಿಮಗೆ ಒಳ್ಳೆಯ ಮಾರ್ಷಲ್ ಬೇಕು. ಆ ಅವಧಿಗೆ ಸಮರ್ಥ ಆಸ್ಥಾನಿಕನನ್ನೇ ಇಟ್ಟು, ಮುನಿಸಿಕೊಂಡ ವಾಸಲ್‌ನನ್ನು ಉಡುಗೊರೆಯಿಂದಲೋ, ಒಲಿಸಿಕೊಳ್ಳುವ ಸಂಚಿನಿಂದಲೋ ಸಂಭಾಳಿಸಿ. ಊರು ಹತೋಟಿಗೆ ಬಂದ ಮೇಲೆ ಹುದ್ದೆ ಅವನಿಗೇ ಕೊಡಿ.

ಬಿಷಪ್ ವಿಷಯ ಸಣ್ಣದು. ಕ್ಯಾಥೊಲಿಕ್ ದೊರೆಗೆ ರಾಜ್ಯದ ಪಾದ್ರಿಯನ್ನು ಮನಸ್ಸು ಬಂದಂತೆ ಬದಲಿಸಲು ಆಗುವುದಿಲ್ಲ. ಅವನ ಲರ್ನಿಂಗ್ (ಪಾಂಡಿತ್ಯ) ಎಷ್ಟಿದೆ ಎಂದು ಕೊರಗುವ ಬದಲು ಅವನ ಅಭಿಪ್ರಾಯ ನೋಡಿ. ಚರ್ಚ್ ಜಮೀನಿನ ತೆರಿಗೆ ಮತ್ತು ಲೆವಿ ನಿಮಗೆ ಬರುವುದು ಅವನಿಗೆ ನಿಮ್ಮ ಮೇಲೆ ಒಲವು ಇದ್ದಾಗ. ಅವನನ್ನು ಒಲಿಸಿಕೊಳ್ಳಿ, ಸಾಕು.

ಸ್ಪೈಮಾಸ್ಟರ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಉಳಿದವರು ಕೆಲಸ ಕೆಡಿಸಿದರೆ ಸ್ವಲ್ಪ ಹಣ ಹೋಗುತ್ತದೆ. ಇವರು ಕೆಡಿಸಿದರೆ ಪ್ರಾಣ ಹೋಗುತ್ತದೆ. ನಿಮ್ಮನ್ನು ದ್ವೇಷಿಸುವ, ಇಂಟ್ರೀಗ್ 22 ಇರುವ ಸ್ಪೈಮಾಸ್ಟರ್‌ಗಿಂತ ನಿಮ್ಮನ್ನು ಪ್ರೀತಿಸುವ, ಇಂಟ್ರೀಗ್ 14 ಇರುವವರು ಎಷ್ಟೋ ಮೇಲು. ದ್ವೇಷಿಸುವವರು ಕೊಲೆಸಂಚಿಗೆ ತಾವೇ ಸೇರಿಕೊಳ್ಳಬಹುದು, ಆಗ ನಿಮ್ಮನ್ನು ಕಾಯಬೇಕಾದವರೇ ಬಾಗಿಲು ತೆಗೆದುಕೊಟ್ಟಂತೆ. ಹಾಗಾಗಿ ಈ ಹುದ್ದೆಗೆ ಎರಡು ಸಂಖ್ಯೆ ನೋಡಬೇಕು, ಸ್ಕಿಲ್ ಮತ್ತು ಅಭಿಪ್ರಾಯ. ನಿಮ್ಮ ಹತ್ತಿರ ಅವರ ಮೇಲೆ ಬಲವಾದ ಹುಕ್ (ಅವರನ್ನು ಕಟ್ಟಿಹಾಕುವ ಹಿಡಿತ) ಇದ್ದರೆ ಇನ್ನೂ ನೆಮ್ಮದಿ. ರಾಜನ ಹೆಂಡತಿಯೇ ಚಾಣಾಕ್ಷೆಯಾಗಿದ್ದು ಗಂಡನನ್ನು ಇಷ್ಟಪಡುತ್ತಿದ್ದರೆ ಅವಳನ್ನೂ ಯೋಚಿಸಬಹುದು. ಆದರೆ ಇಷ್ಟಪಡುತ್ತಿದ್ದರೆ ಎಂಬುದನ್ನು ದಯವಿಟ್ಟು ಪರೀಕ್ಷಿಸಿ.

ಕೆಲಸ ಏನು ಕೊಡಬೇಕು? ಶಾಂತಿಯ ಕಾಲದಲ್ಲಿ ರಹಸ್ಯ ಹುಡುಕಲು ಕಳಿಸಿ. ಯಾರೋ ವಾಸಲ್‌ನ ಆಸ್ಥಾನದಲ್ಲಿ ಯಾರದೋ ಕಳ್ಳಸಂಬಂಧ ಸಿಗುತ್ತದೆ, ಯಾರೋ ಮಾಡಿದ ಕೊಲೆ ಸಿಗುತ್ತದೆ. ಅದನ್ನು ಹಿಡಿದು ಬೆದರಿಸಿದರೆ ಹುಕ್. ದುರ್ಬಲ ಹುಕ್ ಒಂದೇ ಸಲಕ್ಕೆ ಮುಗಿಯುತ್ತದೆ, ಬಲವಾದದ್ದನ್ನು ಮತ್ತೆಮತ್ತೆ ಬಳಸಬಹುದು, ನಡುವೆ ಕಾಯಬೇಕಷ್ಟೆ. ಒಪ್ಪದ ಮದುವೆಗೆ ಒಪ್ಪಿಸಲು ಹುಕ್ ಸಾಕು. ಸ್ಟೀವರ್ಡ್‌ಶಿಪ್ ಜೀವನಶೈಲಿಯಲ್ಲಿ ಗೋಲ್ಡನ್ ಆಬ್ಲಿಗೇಷನ್ಸ್ ಎಂಬ ಪರ್ಕ್ (ವಿಶೇಷ ಅನುಕೂಲ) ಇದೆ, ಅದು ಕೈಯಲ್ಲಿದ್ದರೆ ಹುಕ್ ಕೊಟ್ಟು ಹಣವನ್ನೇ ಕೇಳಬಹುದು. ಒಬ್ಬಳು ಸೊಸೆ, ಒಂದು ಕೆಲಸ, ಅದರಿಂದ ಖಜಾನೆಗೆ ದಾರಿ. ನಿಮ್ಮ ಖಾಲಿ ಖಜಾನೆಗೆ ಇದೂ ಒಂದು ಔಷಧಿ. ರಾಜನಿಗೆ ವಯಸ್ಸಾದಾಗ, ಶತ್ರುಗಳು ಹೆಚ್ಚಾದಾಗ ಮಾತ್ರ ಅವಳನ್ನು ವಾಪಸ್ ಕರೆದು ಸಂಚು ತಡೆಯುವ ಕೆಲಸಕ್ಕೆ ಹಾಕಿ.

ಖಜಾನೆ ಎಂದ ಮೇಲೆ ಆ ಸಂಬಳದ ಹುದ್ದೆಗಳು. ವೈದ್ಯ, ಟ್ಯೂಟರ್, ಬಾಡಿಗಾರ್ಡ್, ಫುಡ್ ಟೇಸ್ಟರ್, ಬೇಟೆಯ ಮೇಲ್ವಿಚಾರಕ ಎಂದು ಒಂದು ಉದ್ದ ಪಟ್ಟಿ 2022ರಿಂದ ಆಟದಲ್ಲಿದೆ. ಖಾಲಿ ಚೌಕ ಕಂಡರೆ ತುಂಬಬೇಕು ಅನಿಸುತ್ತದೆ, ಅಲ್ವಾ? ಅದೇ ಬಲೆ. ಈ ಸಂಬಳ ತಿಂಗಳು ತಿಂಗಳು ಹೋಗುತ್ತಲೇ ಇರುತ್ತದೆ. ಸಾಮರ್ಥ್ಯ ಕಡಿಮೆ ಇರುವವನನ್ನು ಹಾಕಿದರೆ ಸಂಬಳ ಪೂರ್ತಿ ಹೋಗಿ ಫಲ ಅಲ್ಪಸ್ವಲ್ಪ ಬರುತ್ತದೆ.

ವೈದ್ಯ ಮಾತ್ರ ಯಾವಾಗಲೂ ಇರಲಿ. ಅವನ ಲರ್ನಿಂಗ್ ಹೆಚ್ಚಿದ್ದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು. ರಾಜ ಹತ್ತು ವರ್ಷ ಜಾಸ್ತಿ ಬದುಕಿದರೆ ಆ ಸಂಬಳ ಏನೂ ಅಲ್ಲ. ಓದುವ ವಯಸ್ಸಿನ ಮಕ್ಕಳಿದ್ದರೆ ಟ್ಯೂಟರ್. ಬಾಡಿಗಾರ್ಡ್ ಮತ್ತು ಫುಡ್ ಟೇಸ್ಟರ್, ನಿಮ್ಮ ಸುತ್ತ ಶತ್ರುಗಳು ಇದ್ದಾಗ. ಉಳಿದವರನ್ನು ಇಂದೇ ಬಿಡಿಸಬಹುದು. ಬಿಡಿಸಿದವರು ಸ್ವಲ್ಪ ಮುನಿಸಿಕೊಳ್ಳುತ್ತಾರೆ, ಹಾಗಾಗಿ ಬಲಿಷ್ಠ ವಾಸಲ್ ಯಾರಾದರೂ ಆ ಹುದ್ದೆಯಲ್ಲಿದ್ದರೆ ಯೋಚಿಸಿ ಮಾಡಿ. ಹುದ್ದೆಯಲ್ಲಿ ಇರುವವರಿಗೆ ನಿಮ್ಮ ಮೇಲೆ ಒಲವು ಬೆಳೆಯುತ್ತದೆ ಎಂಬುದೂ ನಿಜ. ಒಬ್ಬ ಅಪಾಯಕಾರಿ ತಮ್ಮನನ್ನು ಸುಮ್ಮನಿರಿಸಲು ಒಂದು ಅಗ್ಗದ ಹುದ್ದೆ ಕೊಡುವುದು ತಪ್ಪೇನಲ್ಲ.

ಆಸ್ಥಾನಿಕರ ಇನ್ನೊಂದು ಉಪಯೋಗ ನಿಧಾನವಾಗಿ ಫಲ ಕೊಡುತ್ತದೆ: ಮಕ್ಕಳ ಪಾಲಕರಾಗಿ. ಮೂರನೆಯ ವಯಸ್ಸಿಗೆ ಮಗುವಿಗೆ ಒಂದು ಬಾಲ್ಯದ ಗುಣ ಬರುತ್ತದೆ. ಆರರಿಂದ ಹದಿನಾರರವರೆಗೆ ವಿದ್ಯಾಭ್ಯಾಸ. ಬಾಲ್ಯದ ಗುಣಕ್ಕೆ ಹೊಂದುವ ವಿದ್ಯೆ ಕೊಟ್ಟರೆ ಫಲ ಚೆನ್ನಾಗಿರುತ್ತದೆ. ಕ್ಯೂರಿಯಸ್ (ಕುತೂಹಲದ) ಮಗುವಿಗೆ ಡಿಪ್ಲೊಮಸಿ (ರಾಜತಂತ್ರ) ಅಥವಾ ಲರ್ನಿಂಗ್, ಪೆನ್ಸಿವ್ (ಯೋಚನೆಯಲ್ಲೇ ಇರುವ) ಮಗುವಿಗೆ ಸ್ಟೀವರ್ಡ್‌ಶಿಪ್ (ಆಡಳಿತ) ಅಥವಾ ಲರ್ನಿಂಗ್, ಬಾಸಿ (ಅಧಿಕಾರ ಚಲಾಯಿಸುವ) ಮಗುವಿಗೆ ಸ್ಟೀವರ್ಡ್‌ಶಿಪ್ ಅಥವಾ ಮಾರ್ಷಿಯಲ್, ರೌಡಿ (ತುಂಟಾಟದ) ಮಗುವಿಗೆ ಮಾರ್ಷಿಯಲ್ ಅಥವಾ ಇಂಟ್ರೀಗ್, ಚಾರ್ಮಿಂಗ್ (ಎಲ್ಲರ ಮನ ಗೆಲ್ಲುವ) ಮಗುವಿಗೆ ಡಿಪ್ಲೊಮಸಿ ಅಥವಾ ಇಂಟ್ರೀಗ್. ಪಾಲಕನಿಗೆ ಆ ವಿದ್ಯೆಯ ಸ್ಕಿಲ್ ಜೊತೆಗೆ ಲರ್ನಿಂಗ್ ಕೂಡ ಹೆಚ್ಚಿರಬೇಕು. ಯಾವ ಹುದ್ದೆಗೂ ಸಲ್ಲದ ಅರವತ್ತು ವರ್ಷದ ಪಂಡಿತ ಅಜ್ಜಿ ಇಲ್ಲಿ ಚಿನ್ನ. ನೀವು ಅವಳನ್ನು ಇಷ್ಟು ದಿನ ಪಟ್ಟಿಯ ಕೆಳಗೆ ಬಿಟ್ಟಿದ್ದಿರಿ. ಒಬ್ಬ ಪಾಲಕರಿಗೆ ಎರಡು ಮಕ್ಕಳನ್ನು ಒಪ್ಪಿಸಬಹುದು. ನಾನು ನನ್ನ ಮಕ್ಕಳಿಗಷ್ಟೇ ಅಲ್ಲ, ಆಸ್ಥಾನದ ಅನಾಥ ಮಕ್ಕಳಿಗೂ ಒಳ್ಳೆಯ ಪಾಲಕರನ್ನು ಕೊಡುತ್ತೇನೆ. ಹದಿನೈದು ವರ್ಷದ ನಂತರ ಸ್ಟೀವರ್ಡ್ ಹುಡುಕಿಕೊಂಡು ಫ್ರಾನ್ಸಿಗೆ ಹೋಗುವ ಕೆಲಸ ತಪ್ಪುತ್ತದೆ.

ಇನ್ನು ಹಕ್ಕುದಾರರು. ಯಾವುದೋ ಕೌಂಟಿ ಅಥವಾ ಸಿಂಹಾಸನದ ಮೇಲೆ ಹಕ್ಕಿರುವ ಆಸ್ಥಾನಿಕ ಸಿಕ್ಕರೆ ಅವನ ಪರವಾಗಿ ನೀವು ಯುದ್ಧ ಸಾರಬಹುದು. ಕೇಳಲು ಚೆಂದ. ಆದರೆ ಗೆದ್ದ ನೆಲ ಹೋಗುವುದು ಅವನಿಗೆ, ನಿಮಗಲ್ಲ. ಅವನು ನಿಮ್ಮ ವಾಸಲ್ ಆಗಿ ಉಳಿಯುತ್ತಾನೋ, ಸ್ವತಂತ್ರನಾಗಿ ಹೋಗುತ್ತಾನೋ ಎಂಬುದೇ ಪ್ರಶ್ನೆ. ನೀವು ರಾಜ. ಅವನಿಗೆ ಇನ್ನೊಂದು ರಾಜ್ಯವನ್ನೇ ಗೆದ್ದುಕೊಟ್ಟರೆ ಅವನೂ ರಾಜ. ಸರಿಸಮಾನನು ಯಾಕೆ ನಿಮಗೆ ತಲೆಬಾಗುತ್ತಾನೆ? ಯುದ್ಧ ಸಾರುವ ಕಿಟಕಿಯಲ್ಲಿ ಫಲಿತಾಂಶ ಏನಾಗುತ್ತದೆ ಎಂದು ಬರೆದಿರುತ್ತದೆ. ಎರಡು ಸಾಲು, ಓದಿ. ನಾನು ಒಮ್ಮೆ ಓದದೆ, ಆರು ವರ್ಷ ಹೋರಾಡಿ, ಸಾಲ ಮಾಡಿ, ಪಕ್ಕದಲ್ಲೇ ಒಬ್ಬ ಹೊಸ ಶತ್ರುವನ್ನು ನನ್ನ ಕೈಯಾರೆ ಕೂರಿಸಿದ್ದೆ.

ಅವನು ನಿಮ್ಮ ವಂಶದವನೇ ಆಗಿದ್ದರೆ ಮಾತು ಬೇರೆ. ಆಗ ಸ್ವತಂತ್ರನಾಗಿ ಹೋದರೂ ವಂಶಕ್ಕೆ ರಿನೌನ್ (ಕೀರ್ತಿಯ ಅಂಕ) ಬರುತ್ತದೆ. ಹಾಗಾಗಿ ಹಕ್ಕುಳ್ಳ ಹೆಣ್ಣು ಸಿಕ್ಕರೆ ನಿಮ್ಮ ಎರಡನೆಯ ಅಥವಾ ಮೂರನೆಯ ಮಗನಿಗೆ ತಂದುಕೊಳ್ಳಿ. ಅವಳ ಮಕ್ಕಳು ನಿಮ್ಮ ವಂಶದವರು, ನಾಳೆ ಆ ಸಿಂಹಾಸನ ಅವರದು. ಹೆಂಗಸರ ಹಕ್ಕಿಗಾಗಿ ಯುದ್ಧ ಸಾರಲು ಆಟದಲ್ಲಿ ಕೆಲವು ಕಟ್ಟುಪಾಡುಗಳಿವೆ, ಸರಿಯಾದ ಸಮಯಕ್ಕೆ ಕಾಯಬೇಕಾಗಬಹುದು. ಕಾಯುವುದರಲ್ಲಿ ನಷ್ಟವೇನೂ ಇಲ್ಲ.

ಒಳ್ಳೆಯ ಆಸ್ಥಾನಿಕನಿಗೆ ಜಮೀನು ಕೊಡಬಹುದೇ? ಈ ಪ್ರಶ್ನೆ ನೀವು ಕೇಳಿಲ್ಲ, ಆದರೆ ಹೊಸದಾಗಿ ಗೆದ್ದವರಿಗೆ ಡೊಮೈನ್ ಮಿತಿ (ದೊರೆ ತಾನೇ ಇಟ್ಟುಕೊಳ್ಳಬಹುದಾದ ನೆಲದ ಮಿತಿ) ದಾಟಿದ ಕೂಡಲೇ ಇದು ಬರುತ್ತದೆ. ಕೊಡಿ, ಆದರೆ ಒಳ್ಳೆಯ ಕೆಲಸಗಾರನಿಗೆ ಕೊಡಬೇಡಿ. ಜಮೀನಿಲ್ಲದ ಸ್ಟೀವರ್ಡ್ ಪೂರ್ತಿ ನಿಮ್ಮವನು. ಅವನಿಗೆ ಫ್ಯಾಕ್ಷನ್ (ದೊರೆಯ ವಿರುದ್ಧದ ಕೂಟ) ಇಲ್ಲ, ಸೈನ್ಯ ಇಲ್ಲ. ಕೌಂಟಿ ಕೊಟ್ಟ ದಿನ ಅವನಿಗೂ ಸ್ವಂತ ಲೆಕ್ಕಾಚಾರ ಶುರು. ಕೌಂಟಿಗಳನ್ನು ಕೊಡಬೇಕಾದವರು ಬೇರೆ ಜನ: ಕೆಳಕುಲದಿಂದ ಬಂದ, ಬೇರೆ ಎಲ್ಲೂ ಹಕ್ಕಿಲ್ಲದ, ನಿಮ್ಮದೇ ಧರ್ಮ ಮತ್ತು ಸಂಸ್ಕೃತಿಯ, ಕಂಟೆಂಟ್ (ಇದ್ದುದರಲ್ಲೇ ತೃಪ್ತಿಪಡುವ) ಗುಣದ ಸಾಧಾರಣ ಮನುಷ್ಯ. ಆಂಬಿಷಿಯಸ್ (ಮಹತ್ವಾಕಾಂಕ್ಷೆಯ) ಗುಣದವನಿಗೆ ಎಲ್ಲ ಸ್ಕಿಲ್‌ಗಳಲ್ಲೂ ಒಂದೊಂದು ಅಂಕ ಹೆಚ್ಚು, ನೋಡಲು ಆಕರ್ಷಕ. ಆದರೆ ಒಡೆಯನ ಮೇಲೆ ಅವನಿಗೆ ಹುಟ್ಟುಗುಣವಾಗಿಯೇ ಅಸಮಾಧಾನ. ಅವನನ್ನು ಕೌನ್ಸಿಲ್‌ನಲ್ಲಿ ದುಡಿಸಿ, ನೆಲದ ಹತ್ತಿರ ಬಿಡಬೇಡಿ. ಯಾರಿಗೂ ಎರಡು ಡಚಿ (ಹಲವು ಕೌಂಟಿಗಳ ಪ್ರಾಂತ್ಯ) ಕೊಡಬೇಡಿ, ಅವನು ನಿಮ್ಮ ಮಗನೇ ಆಗಿದ್ದರೂ.

ಮಗ ಎಂದಾಗ ನೆನಪಾಯಿತು, ಆಸ್ಥಾನದಲ್ಲಿ ಕೂತಿರುವ ನಿಮ್ಮ ಸ್ವಂತ ತಮ್ಮಂದಿರ ಮೇಲೂ ಕಣ್ಣಿಡಿ. ಅವರಿಗೆ ನಿಮ್ಮ ಕಿರೀಟದ ಮೇಲೆ ಹಕ್ಕಿದ್ದರೆ, ಮುನಿದ ವಾಸಲ್‌ಗಳು ಅವರ ಹೆಸರಿನಲ್ಲೇ ಫ್ಯಾಕ್ಷನ್ ಕಟ್ಟುತ್ತಾರೆ. ಕ್ಯಾಥೊಲಿಕ್ ಆಟದಲ್ಲಿ ಅವರನ್ನು ಸನ್ಯಾಸ ತೆಗೆದುಕೊಳ್ಳುವಂತೆ ಕೇಳಬಹುದು. ಒಪ್ಪಿದರೆ ವಾರಸುದಾರಿಕೆಯ ಸಾಲಿನಿಂದ ಹೊರಗೆ. ಒಪ್ಪದಿದ್ದರೆ ಅವರನ್ನು ನೈಟ್‌ಗಳ ಮೊದಲ ಸಾಲಿನಲ್ಲಿ ನಿಲ್ಲಿಸುವ ದೊರೆಗಳೂ ಇದ್ದಾರೆ. ನಾನು ಹಾಗೆ ಮಾಡಿ ಎಂದು ಹೇಳುತ್ತಿಲ್ಲ, ಮಾಡಿಲ್ಲ ಎಂದೂ ಹೇಳುತ್ತಿಲ್ಲ.

ನಿಮ್ಮ ಆಟಕ್ಕೆ ವಾಪಸ್ ಬರೋಣ. ಇಂದು ಆಟ ತೆರೆದ ಕೂಡಲೇ ಗಡಿಯಾರ ನಿಲ್ಲಿಸಿ. ಕ್ಯಾರೆಕ್ಟರ್ ಫೈಂಡರ್‌ನಲ್ಲಿ (ಪಾತ್ರಗಳನ್ನು ಹುಡುಕುವ ಕಿಟಕಿ) ನಿಮ್ಮ ಆಸ್ಥಾನದ ಮದುವೆಯಾಗದ ವಯಸ್ಕರನ್ನು ಮಾತ್ರ ತೋರಿಸುವಂತೆ ಮಾಡಿ. ಹೆಂಗಸರಿಗೆಲ್ಲ ಪ್ರೊವೆಸ್ ಜಾಸ್ತಿ ಇರುವ ಮನೆ ಅಳಿಯಂದಿರು, ಗಂಡಸರಲ್ಲಿ ಒಬ್ಬನಿಗೆ ಇಂಟ್ರೀಗ್ ಇರುವ ಹೆಂಡತಿ. ಗಂಡ ಸತ್ತ ವಿಧವೆಯರನ್ನೂ ಮರೆಯಬೇಡಿ, ಅವರಿಗೆ ಮರುಮದುವೆ ಮಾಡಿಸಿದರೆ ಇನ್ನೊಬ್ಬ ನೈಟ್ ಬರುತ್ತಾನೆ. ಆಮೇಲೆ ನೈಟ್‌ಗಳ ಪಟ್ಟಿ ತೆರೆದು ವಾರಸುದಾರನಿಗೆ ತಡೆ ಹಾಕಿ. ಆಮೇಲೆ ಸಂಬಳದ ಹುದ್ದೆಗಳು. ಅರ್ಧ ಗಂಟೆಯ ಕೆಲಸ. ಪ್ರತಿ ಐದು ವರ್ಷಕ್ಕೊಮ್ಮೆ, ಮತ್ತು ಪ್ರತಿ ದೊಡ್ಡ ಯುದ್ಧ ಮುಗಿದ ಮೇಲೆ ಇದನ್ನೇ ಮಾಡುತ್ತೇನೆ.

ಇಷ್ಟೆಲ್ಲ ಆದ ಮೇಲೂ ಹತ್ತು ಹನ್ನೆರಡು ಜನ ಯಾವುದಕ್ಕೂ ಸಲ್ಲದವರು ಉಳಿಯುತ್ತಾರೆ. ಅವರನ್ನು ಓಡಿಸುವ ಅಗತ್ಯವಿಲ್ಲ. ಹುದ್ದೆ ಇಲ್ಲದ ಆಸ್ಥಾನಿಕನಿಗೆ ಸಂಬಳವಿಲ್ಲ, ಸುಮ್ನೆ ಇರಲಿ. ಓಡಿಸಬೇಕಾದವರು ಒಂದೇ ಬಗೆಯವರು. ಪಟ್ಟಿಯನ್ನು ಅಭಿಪ್ರಾಯದ ಪ್ರಕಾರ ಜೋಡಿಸಿ, ಕೆಂಪು ಅಕ್ಷರದಲ್ಲಿ ಇರುವವರನ್ನು ನೋಡಿ. ನಿಮ್ಮ ಕೊಲೆಗೆ ಯಾರಾದರೂ ಸಂಚು ಹೂಡಿದರೆ ಮೊದಲು ಕೈಜೋಡಿಸುವವರು ಅವರು. ಒಲಿಸಿಕೊಳ್ಳಲು ಆಗದಿದ್ದರೆ ದೂರದ ಯಾವುದಾದರೂ ಆಸ್ಥಾನಕ್ಕೆ ಅವರನ್ನು ಮದುವೆ ಮಾಡಿ ಕಳಿಸಿಬಿಡಿ. ಬಂದ ಬಾಗಿಲಿನಿಂದಲೇ ಹೊರಗೆ.